ಮಂಡಿ ಮಡಿಸುವ ಮುನ್ನ ಒಂದು ಮಾತ್ರೆ

ಆಸ್ಪತ್ರೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮತ್ತೆಯ ಸವೆದ ಮಂಡಿಯನ್ನು ತೆಗೆದು ಹೊಸದನ್ನು ಕೂರಿಸಿದಿರಿ, ಸಂತೋಷ. ನೋವನ್ನು ಮಾತ್ರ ನನ್ನ ಕೈಗೆ ಕೊಟ್ಟು ಮನೆಗೆ ಕಳಿಸಿದಿರಿ. ದಿನಾ ಅವರ ಕಾಲು ಹಿಡಿದು ಮಡಿಸಬೇಕಾದವಳು ನಾನು. ಈ ಕೆಲವು ವಾರಗಳಲ್ಲಿ ಮಡಿಸದಿದ್ದರೆ ಮಂಡಿ ಬಿಗಿದುಕೊಂಡು ಮುಂದೆ ಬಗ್ಗುವುದೇ ಕಷ್ಟ ಎಂದು ವ್ಯಾಯಾಮ ಕಲಿಸಿದವರು ಹೇಳಿದ್ದಾರೆ. ಹೊಲಿಗೆ ಮೆಷಿನ್ ತುಳಿದೇ ಸಂಸಾರ ಸಾಕಿದ ಹೆಂಗಸಿಗೆ ಬಗ್ಗದ ಮಂಡಿ ಕಟ್ಟಿಕೊಂಡು ಏನಾಗಬೇಕು? ಮಡಿಸುವ ಮೊದಲು ನೋವಿನ ಮಾತ್ರೆ ಕೊಡಿ ಎಂದೂ ಆ ವ್ಯಾಯಾಮದವರೇ ಹೇಳಿದ್ದರು. ಆ ಮಾತ್ರೆಯನ್ನು ನಿಮ್ಮವರು ಮನೆಗೆ ಕಳಿಸುವ ದಿನವೇ ನಿಲ್ಲಿಸಿದ್ದಾರೆ.

ಕಾರಣ ಕೇಳಿದರೆ ನಗು ಬರುತ್ತದೆ, ನಗುವ ತ್ರಾಣ ಉಳಿದವರಿಗೆ. ಅಂದು ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯರು ಬಾಗಿಲಲ್ಲೇ ನಿಂತು, "ಹೇಗಿದೀರಮ್ಮಾ?" ಎಂದರು. ಅತ್ತೆ ಹೊದಿಕೆ ಸರಿಮಾಡಿಕೊಂಡು, "ಚೆನ್ನಾಗಿದೀನಿ ಡಾಕ್ಟ್ರೇ, ನಿಮ್ದು ತಿಂಡಿ ಆಯ್ತಾ?" ಎಂದರು. ಅಷ್ಟು ದೊಡ್ಡವರು ಕ್ಷೇಮ ವಿಚಾರಿಸಿದಾಗ ಇನ್ನೇನು ಹೇಳಬೇಕಿತ್ತು? ಆ ಮರ್ಯಾದೆಯ ಮಾತನ್ನೇ ನಿಮ್ಮ ಆಸ್ಪತ್ರೆ ರೋಗಿಗೆ ನೋವಿಲ್ಲ ಎಂದು ಅರ್ಥಮಾಡಿಕೊಂಡಿತು. ಮನೆಗೆ ಹೋದ ಮೇಲೆ ಮಾತ್ರೆಗಾಗಿ ಮತ್ತೆ ಆಸ್ಪತ್ರೆಗೆ ಬಂದು ಗೋಗರೆದೆ. "ಪೇಷಂಟೇ ಚೆನ್ನಾಗಿದೀನಿ ಅಂದಿದಾರೆ, ನಿಮಗೇನಮ್ಮ ಕಷ್ಟ?" ಎಂದು ಕೌಂಟರಿನವರು ನನ್ನನ್ನೇ ಕೇಳಿದರು.

ನನಗೇನು ಕಷ್ಟವೇ? ಮಡಿಸಿದರೆ ಅತ್ತೆ ಕಿರುಚುತ್ತಾರೆ, ಮಡಿಸದಿದ್ದರೆ ಬದುಕಿಡೀ ಕುಂಟುತ್ತಾರೆ. ಐಸ್ ಇಟ್ಟೆ, ದಿಂಬು ಕೊಟ್ಟೆ, ಹಾಡು ಹಾಕಿ ಗಮನ ಬೇರೆಡೆ ತಿರುಗಿಸಲು ನೋಡಿದೆ. ಮೊನ್ನೆ ಪಕ್ಕದ ಮನೆಯಾಕೆ ಬಾಗಿಲು ಬಡಿದು, "ವಯಸ್ಸಾದವ್ರನ್ನ ಹೀಗಾ ನೋಡ್ಕೊಳ್ಳೋದು?" ಎಂದು ದಬಾಯಿಸಿ ಹೋದರು. ಸೊಸೆ ಅತ್ತೆಯ ಕಾಲು ಮುರಿಯುತ್ತಿದ್ದಾಳೆ ಎಂಬ ಸುದ್ದಿಗೆ ಯಾವ ಬೀದಿಯಲ್ಲಿ ತಾನೇ ಗಿರಾಕಿ ಕಡಿಮೆ?

ನಿನ್ನೆ ನಮ್ಮ ಮನೆಯಿಂದ ಸದ್ದೇ ಬರಲಿಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ಅತ್ತೆ ಟವೆಲನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದರು. "ನಿಂಗೆ ಕೆಟ್ಟ ಹೆಸ್ರು ಬೇಡ ಕಣೇ. ಇದನ್ನ ಕಚ್ಕೊಂಡಿರ್ತೀನಿ, ನೀನು ಮಡಿಸು," ಎಂದು ಬಾಯಿಗೆ ತುರುಕಿಕೊಂಡು ಕಾಲು ಚಾಚಿದರು. ನನ್ನ ಕೈ ಏಳಲಿಲ್ಲ. ಮಂಡಿ ಮಡಿಸದೆಯೇ ನಿನ್ನೆಯ ದಿನ ಹೋಯಿತು.

ಮಾನ್ಯರೇ, ಆ ಮಾತ್ರೆಯನ್ನು ಇವತ್ತೇ ಬರೆಸಿಕೊಡಿ. ರೋಗಿಯ ಕಾಲು ಮಡಿಸಿ, ಮುಖ ನೋಡಿ, ಆಮೇಲೆ ನೋವಿದೆಯೋ ಇಲ್ಲವೋ ತೀರ್ಮಾನಿಸಲು ನಿಮ್ಮವರಿಗೆ ಹೇಳಿ. ನಾಳೆ ಬೆಳಿಗ್ಗೆ ನಾನು ಮತ್ತೆ ಆ ಕಾಲು ಹಿಡಿಯಲೇಬೇಕು. ಬರಿಗೈಯಲ್ಲಿ ಇನ್ನು ನನ್ನಿಂದಾಗದು.

ಇಂತಿ,
ನಿಮ್ಮ ಪರವಾಗಿ ಅತ್ತೆಯನ್ನು ನೋಯಿಸುತ್ತಿರುವ ಸೊಸೆ