ಅಂಟಿನ ಬೆರಳು

ರೀ,

ನೀವು ಸ್ನಾನಕ್ಕೆ ಹೋಗಿದ್ದೀರಿ, ನನ್ನ ಬಸ್ಸಿಗೆ ಹೊತ್ತಾಯಿತು. ಹೇಗೂ ನಿನ್ನೆಯಿಂದ ಮಾತು ಬಿಟ್ಟಿದ್ದೀರಲ್ಲ, ಓದಿಯಾದರೂ ಓದಿ.

ಬೆಳಿಗ್ಗೆ ಕಾಫಿ ಕೊಡಲು ನಿಮ್ಮ ಬೈಂಡಿಂಗ್ ಕೋಣೆಗೆ ಬಂದೆನಲ್ಲ, ಆಗ ನೋಡಿದೆ. ಪುಸ್ತಕದ ಬೆನ್ನಿಗೆ ಬೆರಳಲ್ಲೇ ಮೈದಾ ಅಂಟು ಸವರಿದಿರಿ, ಅದೇ ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ತಿರುವಿದಿರಿ. ಮತ್ತೆ ಅಂಟು, ಮತ್ತೆ ನಾಲಿಗೆ. ಮೈದಾ ಅಂದರೆ ಗೋಧಿಯೇ ಅಲ್ಲವೇನ್ರೀ!

ನಿಮಗೆ ಗೋಧಿಯಲ್ಲಿರುವ ಗ್ಲುಟೆನ್ ಆಗದು ಅಂತ ಡಾಕ್ಟರು ಹೇಳಿ ಮೂರು ತಿಂಗಳಾಯಿತು. ನೀವು ಬ್ರೆಡ್ಡು, ಚಪಾತಿ ಎಲ್ಲ ಬಿಟ್ಟಿರಿ. ಹೊಟ್ಟೆಯುಬ್ಬರ ನಿಮ್ಮನ್ನು ಬಿಡಲಿಲ್ಲ, ಆ ಸಿಡುಕೂ ಬಿಡಲಿಲ್ಲ. ನಾನೋ, ಕದ್ದು ತಿನ್ನುತ್ತೀರಿ ಅಂದುಕೊಂಡು ಮಕ್ಕಳ ಬಿಸ್ಕತ್ತಿನ ಡಬ್ಬಿಗೆ ಬೀಗ ಜಡಿದೆ. "ಇಲ್ಲ ಕಣೇ, ನಿನ್ನಾಣೆ" ಅಂದಿರಿ ನಿನ್ನೆ. ಮಕ್ಕಳ ಎದುರಿಗೇ ನಕ್ಕುಬಿಟ್ಟೆ.

ಬೋಗುಣಿಯ ಅಂಟು ಚೆಲ್ಲಿದ್ದೇನೆ, ಹುಡುಕಬೇಡಿ. ಒಲೆಯ ಮೇಲೆ ಅಕ್ಕಿ ಹಿಟ್ಟಿನದು ಕಾಯಿಸಿಟ್ಟಿದ್ದೇನೆ, ಆರಿದ ಮೇಲೆ ಬಳಸಿ. ಮೈದಾ ಮೆತ್ತಿದ ಹಳೇ ಬ್ರಷ್ಷನ್ನೂ ಮುಟ್ಟಬೇಡಿ. ಹಾಳೆ ತಿರುವಲು ಒದ್ದೆ ಸ್ಪಂಜು ಮೇಜಿನ ಮೇಲಿದೆ. ಇಪ್ಪತ್ತು ವರ್ಷದ ಚಟ, ಗೊತ್ತು. ಆದರೂ ಆ ಬೆರಳು ಇನ್ನೊಮ್ಮೆ ಬಾಯಿಗೆ ಹೋದರೆ ನೋಡಿ!

ಡಬ್ಬಿಯ ಬೀಗ ತೆಗೆದಿದ್ದೇನೆ. ಸಂಜೆ ಬಂದ ಮೇಲೆ ಎಷ್ಟು ಬೇಕೋ ಅಷ್ಟು ಬೈಯಿರಿ, ತಲೆ ತಗ್ಗಿಸಿ ಕೇಳುತ್ತೇನೆ. ದಿನಾ ಬೆಳಿಗ್ಗೆ ಆ ಮೈದಾವನ್ನು ಒಂದು ಗಂಟೂ ಇಲ್ಲದಂತೆ ಕಾಯಿಸಿ, ನಿಮ್ಮ ಕೈಗೆ ಕೊಟ್ಟವಳು ನಾನೇ ಅಲ್ಲವೇ?