ನಿಮ್ಮ ವೈದ್ಯರು ನೋಡದ ಬಲಗಾಲು

ಮೊಣಕಾಲು ಮುಟ್ಟಿ ಮನಸ್ಸು ಅಳೆಯಬಲ್ಲ ಮಾನ್ಯ ಅಧ್ಯಕ್ಷರೇ,

ನಿಮ್ಮ ವೈದ್ಯರು ತಪ್ಪು ಕಾಲನ್ನು ಪರೀಕ್ಷಿಸಿದ್ದಾರೆ. ಅದನ್ನು ನಂಬಿ, ಪುಣೆ ನಗರ ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನ ಶಿಸ್ತು ಸಮಿತಿಯ ಪರವಾಗಿ, ನೀವು ವರದಾ ಎಂಬ ಇಪ್ಪತ್ನಾಲ್ಕು ವರ್ಷದ ಆಟಗಾರ್ತಿಗೆ ಎರಡು ವರ್ಷದ ನಿಷೇಧ ವಿಧಿಸಿದ್ದೀರಿ. ಪ್ಲೇ-ಆಫ್ ಹಂತದ ಸೆಮಿಫೈನಲ್ಲಿನಲ್ಲಿ ಕಳಪೆಯಾಗಿ ಆಡಿದಳು, ಅದನ್ನು ಮುಚ್ಚಿಕೊಳ್ಳಲು ಗಾಯವಾದಂತೆ ನಟಿಸಿದಳು ಎಂಬುದು ಆರೋಪ. ಕಳಪೆಯಾಗಿ ಆಡಿದ್ದು ನಿಜ. ನಟಿಸಿದ್ದು ಸುಳ್ಳು. ಆ ಸುಳ್ಳಿಗೆ ದಾರಿ ಮಾಡಿಕೊಟ್ಟದ್ದು ನನ್ನ ಕೈ. ಅದಕ್ಕಾಗಿಯೇ ಈ ಪತ್ರ.

ಮರಾಠಿಯಲ್ಲಿ ಬಂದ ಆದೇಶಕ್ಕೆ ಕನ್ನಡದಲ್ಲಿ ಏಕೆ ಉತ್ತರ ಎಂದು ನಿಮ್ಮ ಕಚೇರಿಯವರು ಕೇಳಬಹುದು. ನೀವು ಕೇಳಲಾರಿರಿ. ಸೆಮಿಫೈನಲ್ಲಿನ ಮೂರನೇ ಕ್ವಾರ್ಟರಿನಲ್ಲಿ ವರದಾ ಸುಲಭದ ಚೆಂಡನ್ನು ಕೈಚೆಲ್ಲಿ ಕುಂಟುತ್ತ ಹಿಂದಿರುಗಿದಾಗ, ನೀವು ಪಕ್ಕದ ಕುರ್ಚಿಯವರ ಕಡೆ ಬಾಗಿ, "ಭಾಳ ನಾಟಕ ಮಾಡ್ತಾಳ್ರಿ ಈಕಿ. ಪಟ್ಟಿ ಒಂದ್ ಕಾಲಿಗೆ, ಕುಂಟೂದು ಇನ್ನೊಂದ್ ಕಾಲಾಗ!" ಎಂದಿರಿ. ಪಕ್ಕದವರು ನಕ್ಕರು. ಸುತ್ತಲಿನ ಯಾರಿಗೂ ತಿಳಿಯದ ಭಾಷೆ ಎಂಬ ಧೈರ್ಯ ನಿಮಗಿತ್ತು. ನಾನು ನಿಮ್ಮ ಹಿಂದಿನ ಸಾಲಿನಲ್ಲೇ ಇದ್ದೆ. ನನ್ನ ಮನೆಯ ಭಾಷೆಯೂ ಅದೇ, ವರದಾಳದೂ ಅದೇ. ಆದೇಶ ಬರುವುದಕ್ಕೆ ಹನ್ನೊಂದು ದಿನ ಮೊದಲೇ ತೀರ್ಪು ಕನ್ನಡದಲ್ಲಿ ಹೊರಬಿದ್ದಿತ್ತು. ಮರಾಠಿಯದು ಅನುವಾದ ಮಾತ್ರ. ಮೂಲಕ್ಕೆ ಉತ್ತರಿಸುವುದು ಉಚಿತವೆಂದು ಭಾವಿಸಿದ್ದೇನೆ.

ನಾನು ವೃತ್ತಿಯಿಂದ ವಿಮಾ ಕಚೇರಿಯ ಗುಮಾಸ್ತ. ಹಗಲಿಡೀ ಇತರರ ಮುರಿದ ಕೈಕಾಲುಗಳ ಕಾಗದ ಓದುತ್ತೇನೆ. ಸಂಜೆ ಸದಾಶಿವ ಪೇಠಿನ ನಮ್ಮ ಕ್ಲಬ್ಬಿನ ಹುಡುಗಿಯರಿಗೆ ಮಣಿಕಟ್ಟು, ಕಣಕಾಲು, ಮೊಣಕಾಲುಗಳಿಗೆ ಪಟ್ಟಿ ಸುತ್ತುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಸುತ್ತುತ್ತಿದ್ದೇನೆ. ಯಾರೂ ನೇಮಿಸಿದ್ದಲ್ಲ, ಒಂದು ಕಾಲಕ್ಕೆ ನಾನೂ ಆಡುತ್ತಿದ್ದೆ, ಆಟ ನಿಂತ ಮೇಲೂ ಅಂಗಳಕ್ಕೆ ಹೋಗಲು ಒಂದು ನೆಪ ಬೇಕಿತ್ತು.

ಸೆಮಿಫೈನಲ್ಲಿಗೆ ಹತ್ತು ದಿನ ಇರುವಾಗ ದೇಹೂ ರೋಡಿನ ಸಿಮೆಂಟ್ ಅಂಗಳದಲ್ಲಿ ಅಭ್ಯಾಸ ನಡೆದಿತ್ತು. ವರದಾ ಹಾರಿ ಇಳಿದವಳು ತಿರುಗಲು ಹೋಗಿ ಅಲ್ಲೇ ಕೂತಳು. ಬಲ ಮೊಣಕಾಲು. ಕಿರುಚಲಿಲ್ಲ. ಶೂ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು, ನೋಡುವವರಿಗೆ ಅದಕ್ಕೇ ಕೂತಳು ಎನಿಸುವಂತೆ. ಮರುದಿನ ಕಾಲು ಊದಿತ್ತು. ನಾನೂ ಅವಳೂ ಕೋಚ್ ಸಾಯಲಿಯೂ ಬಾಗಿಲು ಮುಚ್ಚಿಕೊಂಡು ಮಾತಾಡಿದೆವು. ಆಗ ಮೇಜಿನ ಮೇಲಿದ್ದದ್ದು ನಿಮ್ಮ ಸಮಿತಿಯ ನಿಯಮಾವಳಿ. ಅದರಲ್ಲೊಂದು ಸಾಲು: ಪ್ಲೇ-ಆಫ್ ಆಡದ ಆಟಗಾರ್ತಿಯ ಹೆಸರನ್ನು, ಕಾರಣ ಏನೇ ಇರಲಿ, ರಾಜ್ಯ ಶಿಬಿರಕ್ಕೆ ಕಳಿಸಲಾಗುವುದಿಲ್ಲ.

ಕಾರಣ ಏನೇ ಇರಲಿ. ಈ ಮೂರು ಪದಗಳನ್ನು ಬರೆದವರು ಯಾರು? ಅವರಿಗೆ ಮೊಣಕಾಲುಗಳಿವೆಯೆ? ವರದಾ ಎರಡು ವರ್ಷ ಆ ಶಿಬಿರದ ಬಾಗಿಲ ತನಕ ಹೋಗಿ ಬಂದವಳು. ಆಯ್ಕೆಯಲ್ಲಿ ಮೊದಲ ಸಲ ಒಂದು ಸ್ಥಾನದಿಂದ, ಮರುಸಲ ಎರಡು ಸ್ಥಾನದಿಂದ ತಪ್ಪಿತು. ಈ ವರ್ಷ ಲೀಗಿನಲ್ಲಿ ಅತಿ ಹೆಚ್ಚು ಅಂಕ ಅವಳದು. ಸಾಯಲಿ ಕೇಳಿದ್ದು ಒಂದೇ ಮಾತು: "ಖೇಳಣಾರ ಕಾ?" ಆಡುತ್ತೀಯಾ ಎಂದು. ವರದಾ ನಿಯಮಾವಳಿಯ ಪುಸ್ತಕವನ್ನು ಮುಚ್ಚಿ ಮೇಜಿನಂಚಿಗೆ ಸರಿಸಿದಳು. ನಮ್ಮಲ್ಲಿ ಉತ್ತರಗಳು ಹೀಗೆಯೇ ಬರುತ್ತವೆ.

ಪಂದ್ಯದ ದಿನ ಬೆಂಚಿನ ಮೇಲೆ ಕೂತು ಅವಳು ಎಡಗಾಲು ಚಾಚಿದಳು. "ಕಾಕಾ, ಇದಕ್ಕ ಕಟ್ರಿ. ಅವರ ಎತ್ತರದಾಕಿ ಅದಾಳಲ್ಲ, ಪಟ್ಟಿ ನೋಡಿದ್ಲಂದ್ರ ಮೈಯೆಲ್ಲಾ ಇದರ ಮ್ಯಾಲೇ ಹಾಕ್ತಾಳ. ಹಾಕ್ಲಿ. ಇದು ಕಲ್ಲಿದ್ದಂಗ ಅದ."

ನೀವು ಬಾಸ್ಕೆಟ್‌ಬಾಲ್ ಆಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಅಧ್ಯಕ್ಷರಾಗಲು ಅದು ಅರ್ಹತೆಯಲ್ಲ. ಆಡಿದವರಿಗೆ ಈ ರೂಢಿ ಗೊತ್ತಿರುತ್ತದೆ. ಎದುರಾಳಿಯ ಕಣ್ಣು ಮೊದಲು ಹೋಗುವುದು ಪಟ್ಟಿಯ ಕಡೆಗೆ. ಎಲ್ಲಿ ಬಿಳಿ ಕಾಣುತ್ತದೋ ಅಲ್ಲಿಗೆ ಭುಜ, ಸೊಂಟ, ಮಂಡಿ ತಂದು ಒತ್ತುತ್ತಾರೆ. ಅದು ಕ್ರೌರ್ಯವಲ್ಲ, ಆಟ. ಆದ್ದರಿಂದ ನೋವಿರುವ ಕಾಲನ್ನು ಬರಿದಾಗಿ ಬಿಟ್ಟು, ನೋವಿಲ್ಲದ ಕಾಲಿಗೆ ಎದ್ದು ಕಾಣುವಂತೆ ಪಟ್ಟಿ ಕಟ್ಟುತ್ತಾರೆ. ಇದನ್ನು ವರದಾಗೆ ಕಲಿಸಿದವನು ನಾನು. ಅವಳಿಗಾಗ ಹದಿನಾರು ವರ್ಷ, ಕಣಕಾಲು ಉಳುಕಿತ್ತು. ಕಲಿಸಿದಾಗ ಜಾಣತನವೆಂದು ಹೆಮ್ಮೆಪಟ್ಟಿದ್ದೆ. ಎದುರಾಳಿಗೆಂದು ಒಡ್ಡಿದ ಬಲೆಯಲ್ಲಿ ಒಂದು ದಿನ ನ್ಯಾಯಾಧೀಶರು ಬಂದು ಬೀಳುತ್ತಾರೆಂದು ಯಾರು ಎಣಿಸಿದ್ದರು?

ಅವಳು ಕೆಟ್ಟದಾಗಿ ಆಡಿದಳು. ಇದನ್ನು ನಿಮಗಿಂತ ಚೆನ್ನಾಗಿ ನಾನು ಹೇಳಬಲ್ಲೆ, ಏಕೆಂದರೆ ನಾನು ನಿಮ್ಮಂತೆ ಫೋನು ನೋಡುತ್ತಿರಲಿಲ್ಲ. ಹದಿನಾಲ್ಕು ಎಸೆತಗಳಲ್ಲಿ ಮೂರು ಬುಟ್ಟಿಗೆ ಬಿದ್ದವು. ಹಾರಬೇಕಾದಲ್ಲಿ ಹಾರಲಿಲ್ಲ, ಕೈ ಮಾತ್ರ ಮೇಲೆ ಹೋಗಿ, ದೇಹ ಕೆಳಗೇ ಉಳಿಯುತ್ತಿತ್ತು. ನಾವು ಏಳು ಅಂಕಗಳಿಂದ ಸೋತೆವು.

ಪಂದ್ಯ ಮುಗಿದು ನಾನು ನಮ್ಮ ಬೆಂಚಿಗೆ ಇಳಿದು ಬರುವಷ್ಟರಲ್ಲಿ ನೀವು ವೈದ್ಯರನ್ನು ಕರೆದುಕೊಂಡು ಅಲ್ಲಿಗೆ ಬಂದಿರಿ. ಕಾಳಜಿಯೆಂದೇ ನಾವೆಲ್ಲ ತಿಳಿದೆವು. ವೈದ್ಯರು ನೇರ ಪಟ್ಟಿಗೆ ಕೈಹಾಕಿದರು. ಬಿಚ್ಚಿದರು, ಒತ್ತಿದರು, ಮಡಚಿದರು, ಚಾಚಿದರು. ಏನೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದಕ್ಕೆಂದೇ ಅಲ್ಲಿ ಪಟ್ಟಿ ಕಟ್ಟಿದ್ದು. "ನೋವಿದೆಯೇ?" ಎಂದು ಮರಾಠಿಯಲ್ಲಿ ಕೇಳಿದರು. ವರದಾ ಇಲ್ಲ ಎಂದಳು. ಆ ಕಾಲಿನ ಮಟ್ಟಿಗೆ ಅದು ಸತ್ಯ. ಇನ್ನೊಂದು ಕಾಲಿನ ಬಗ್ಗೆ ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಏಕೆ ಹೇಳಲಿಲ್ಲ? ಮರುದಿನ ಮೂರನೇ ಸ್ಥಾನದ ಪಂದ್ಯವಿತ್ತು. ಹಡಪಸರದ ತಂಡದವರು ನಾಲ್ಕು ಹೆಜ್ಜೆ ದೂರದಲ್ಲಿ ನೀರು ಕುಡಿಯುತ್ತ ನಿಂತು ನೋಡುತ್ತಿದ್ದರು, ಅವರ ಎದುರೇ ನಾವು ಆಡಬೇಕಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಬೇಡ ಎಂದೆ. ಅಧ್ಯಕ್ಷರೇ, ಇಷ್ಟು ದಿನ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇದನ್ನು. ನನ್ನ ಕೈಯಲ್ಲಿ ಪಟ್ಟಿಯ ಸುರುಳಿ ಇತ್ತು, ಬಾಯಲ್ಲಿ ಒಂದು ವಾಕ್ಯ ಇತ್ತು, ಮತ್ತು ನಾನು ಮರುದಿನದ ಪಂದ್ಯದ ಲೆಕ್ಕಾಚಾರದಲ್ಲಿದ್ದೆ.

ಮರುದಿನ ಅವಳು ಒಂಬತ್ತು ನಿಮಿಷ ಆಡಿ ತಾನಾಗಿಯೇ ಹೊರಬಂದಳು. ಅದರ ಮರುದಿನ ಸ್ಕ್ಯಾನ್ ಆಯಿತು. ಬಲ ಮೊಣಕಾಲಿನೊಳಗಿನ ಮೃದ್ವಸ್ಥಿ ಹರಿದಿದೆ, ಹರಿದು ಕೆಲವು ದಿನಗಳಾಗಿರಬಹುದು ಎಂದು ಬರೆದುಕೊಟ್ಟರು. ಅದನ್ನು ನಿಮ್ಮ ಕಚೇರಿಗೆ ಕೊಟ್ಟೆವು. "ಸಮಿತಿಯ ತಪಾಸಣೆಯ ನಂತರದ ದಾಖಲೆ, ಪರಿಗಣಿಸಲಾಗದು" ಎಂಬ ಷರಾ ಹೊತ್ತು ಹಿಂದಿರುಗಿತು. ನಾನು ವಿಮಾ ಕಚೇರಿಯವನು. ಪರಿಗಣಿಸದಿರುವ ಕಲೆ ನನಗೆ ಹೊಸದಲ್ಲ. ಆದರೆ ನಾವು ಕನಿಷ್ಠ ಸರಿಯಾದ ಕಾಲನ್ನಾದರೂ ನಿರಾಕರಿಸುತ್ತೇವೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದು ನನ್ನನ್ನೂ ಕೂರಗೊಡುತ್ತಿಲ್ಲ. ಸದಾಶಿವ ಪೇಠಿನ ನನ್ನ ಕೋಣೆಯ ಕೆಳಗೆ ಕೋಚಿಂಗ್ ಕ್ಲಾಸಿದೆ. ಒಬ್ಬರು ಮೈಕಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಾರೆ. ಎರಡು ಸಾಲು ಬರೆದು ಏಳುತ್ತೇನೆ, ಕಿಟಕಿ ಮುಚ್ಚುತ್ತೇನೆ, ಸೆಖೆಗೆ ಮತ್ತೆ ತೆರೆಯುತ್ತೇನೆ. ಗಾಯಗೊಂಡವಳು ಕೆಟ್ಟದಾಗಿ ಆಡಿದರೆ ತಪ್ಪು ಅವಳದೇ? ಇಲ್ಲ ಎಂದು ಥಟ್ಟನೆ ಬರೆದುಬಿಡಬಹುದಿತ್ತು. ರಕ್ಷಿತ ಬರೆಯಗೊಡಲಿಲ್ಲ.

ರಕ್ಷಿತ ನಮ್ಮ ತಂಡದ ಎಂಟನೆಯವಳು. ಮೈಸೂರಿನ ಕಡೆಯವಳು, ಹಡಪಸರದ ಐಟಿ ಕಂಪನಿಯಲ್ಲಿ ಕೆಲಸ. ಕೆಲಸ ಮುಗಿಸಿ ಆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಪ್ರಯಾಣಿಸಿ ಅಭ್ಯಾಸಕ್ಕೆ ಬರುತ್ತಾಳೆ. ಸೆಮಿಫೈನಲ್ಲಿನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಹೋದ ವಾರ ನನ್ನನ್ನು ಹಿಡಿದು ನಿಲ್ಲಿಸಿದಳು. "ಸರ್, ಹತ್ತು ದಿನದಿಂದ ನೋವಿತ್ತಂತೆ. ಒಂದ್ ಮಾತ್ ಹೇಳಿದ್ರೆ ನಾನ್ ರೆಡಿಯಾಗ್ತಿರ್ಲಿಲ್ವಾ? ಅವ್ರು ಒಂದೇ ಕಾಲಲ್ಲಿ ಆಡೋದು, ನಾನು ಎರಡು ಕಾಲಿಟ್ಕೊಂಡು ನೀರಿನ ಬಾಟ್ಲಿ ಹಿಡ್ಕೊಂಡ್ ಕೂರೋದು. ಇದ್ಯಾವ ಟೀಮ್ ಸ್ಪಿರಿಟ್ ಸರ್?"

ಯಾರಾದರೂ ವರದಾಳನ್ನು ದೂರಬಹುದಾದರೆ ಅದು ರಕ್ಷಿತ. ಆದರೆ ದೂರಬಹುದಾದದ್ದು ಮುಚ್ಚಿಟ್ಟದ್ದಕ್ಕೆ, ತಪ್ಪಿದ ಹನ್ನೊಂದು ಎಸೆತಗಳಿಗಲ್ಲ. ಮುಚ್ಚಿಟ್ಟದ್ದರಲ್ಲಿಯೂ ವರದಾಳ ಪಾಲೆಷ್ಟು, ಸಾಯಲಿಯದೆಷ್ಟು, ನನ್ನದೆಷ್ಟು, ಆ ಮೂರು ಪದಗಳನ್ನು ಬರೆದವರದೆಷ್ಟು? ಆಡದಿದ್ದರೆ ಶಿಬಿರವಿಲ್ಲ, ಆಡಿದರೆ ನಟನೆ. ಇವೆರಡರ ನಡುವೆ ನಿಮ್ಮ ಸಮಿತಿ ಬಿಟ್ಟ ಜಾಗದಲ್ಲಿ ಯಾರು ನಿಲ್ಲಬಹುದು, ಅದೂ ಒಂದೇ ಕಾಲಿನ ಮೇಲೆ?

ನನ್ನದೊಂದು ಹಳೆಯ ಸಂಗತಿ ಇದೆ. ನನಗಾಗ ಇಪ್ಪತ್ತಾರು. ಪ್ಲೇ-ಆಫ್‌ನ ಹಿಂದಿನ ದಿನ ಬೆರಳು ಮುರಿಯಿತು. ಆಡಲಾರೆ ಎಂದು ಹೇಳಿ ಬೆಂಚಿನ ಮೇಲೆ ಕೂತೆ. ತಂಡ ಸೋತಿತು. ಯಾರೂ ದೂರಲಿಲ್ಲ. ಬೆನ್ನು ತಟ್ಟಿದರು, ಚಹಾ ಕುಡಿಸಿದರು. ಮುಂದಿನ ಋತುವಿನಲ್ಲಿ ಮಾತ್ರ ಚೆಂಡು ನನ್ನ ಕಡೆ ಬರುವುದು ನಿಂತಿತು. ಖಾಲಿ ಜಾಗದಲ್ಲಿ ಕೈಯೆತ್ತಿ ನಿಂತಿರುತ್ತಿದ್ದೆ, ಚೆಂಡು ನನ್ನನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಿತ್ತು. ಎರಡು ತಿಂಗಳಿಗೆ ಬಿಟ್ಟೆ. ವರದಾ ಎಡಗಾಲು ಚಾಚಿದಾಗ ನಾನು ಯಾಕೆ ತಡೆಯಲಿಲ್ಲ ಎಂದು ನನ್ನನ್ನು ನಾನೇ ಕೇಳಿಕೊಂಡಾಗಲೆಲ್ಲ ಆ ಎತ್ತಿದ ಕೈ ನೆನಪಾಗುತ್ತದೆ. ಇದು ಸಮರ್ಥನೆಯಲ್ಲ. ಹೇಳಿದವನಿಗೂ ಶಿಕ್ಷೆ, ಹೇಳದವಳಿಗೂ ಶಿಕ್ಷೆ ಎಂಬುದನ್ನು ಎರಡೂ ತುದಿಯಿಂದ ನೋಡಿದ್ದೇನೆ, ಅಷ್ಟೆ.

ಇದೆಲ್ಲವನ್ನೂ ಬರೆಯದೆ ಇರುತ್ತಿದ್ದೆನೇನೋ. ನಿಮ್ಮ ಇನ್ನೊಂದು ಕಾಗದ ಬಂತು. ಗುರುವಾರ ಹನ್ನೊಂದು ಗಂಟೆಗೆ ವರದಾ ನಿಮ್ಮ ಕಚೇರಿಗೆ ಬಂದು, ಗಾಯ ನಟನೆಯಾಗಿತ್ತೆಂದು ಒಪ್ಪಿ ಕ್ಷಮಾಪಣಾ ಪತ್ರಕ್ಕೆ ಸಹಿ ಹಾಕಿದರೆ ನಿಷೇಧ ಒಂದು ವರ್ಷಕ್ಕೆ ಇಳಿಯುತ್ತದೆಯಂತೆ. ನಿಮ್ಮ ಔದಾರ್ಯವನ್ನು ಮೂರು ಸಲ ಓದಿದೆ. ನಿಜವಾದ ಗಾಯ ಎಂದರೆ ಎರಡು ವರ್ಷ, ಸುಳ್ಳು ಗಾಯ ಎಂದರೆ ಒಂದು. ಇಂಥ ದರ ನಮ್ಮ ವಿಮಾ ಕಚೇರಿಗೂ ಹೊಳೆದಿರಲಿಲ್ಲ.

ನಿನ್ನೆ ವರದಾ ಆ ಕಾಗದ ಹಿಡಿದು ಬಂದಿದ್ದಳು. ಕುರ್ಚಿಯಲ್ಲಿ ಕೂರಲಿಲ್ಲ, ಕೂತರೆ ಏಳುವುದು ಕಷ್ಟ. ಗೋಡೆಗೆ ಒರಗಿ ನಿಂತು ಹೇಳಿದಳು: "ಸಹಿ ಮಾಡಿಬಿಡ್ತೀನ್ರಿ ಕಾಕಾ. ಹೆಂಗಿದ್ರೂ ಒಂದ್ ವರ್ಷ ಕಾಲು ವಾಸಿ ಆಗಾಕ ಬೇಕು. ಇಪ್ಪತ್ತೈದಕ್ಕ ವಾಪಸ್ ಬರ್ತೀನಿ. ಎರಡು ವರ್ಷ ಆದ್ರ ಯಾರ್ ಕರೀತಾರ?"

"ಸುಳ್ಳಿಗೆ ಸಹಿ ಮಾಡ್ತೀಯೇನ?" ಎಂದೆ.

ನಕ್ಕಳು. "ಪಟ್ಟಿ ಕಟ್ಟುವಾಗ ನೀವು ಇದನ್ನ ಕೇಳಲಿಲ್ಲಲ್ರಿ."

ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ನಿದ್ದೆ ಮಾಡಿರುತ್ತಿದ್ದೆ. ಅವಳು ಆ ಕಾಗದಕ್ಕೆ ಸಹಿ ಹಾಕಿದರೆ ಮುಂದೆ ಯಾವ ಕೋಚ್, ಯಾವ ಶಿಬಿರ ಅವಳ ನೋವನ್ನು ನಂಬುತ್ತದೆ? ಮೊಣಕಾಲು ಒಂದು ವರ್ಷಕ್ಕೆ ವಾಸಿಯಾಗಬಹುದು. ನಟನೆ ಮಾಡಿದೆ ಎಂದು ಸ್ವತಃ ಬರೆದುಕೊಟ್ಟವಳು ಮುಂದಿನ ಸಲ ಬಿದ್ದಾಗ, ಎಬ್ಬಿಸಲು ಬರುವವರು ಮೊದಲು ಅವಳ ಮುಖ ನೋಡುತ್ತಾರೆ.

ಆದ್ದರಿಂದ ನಾನು ಕೇಳುವುದಿಷ್ಟು. ಆ ಕ್ಷಮಾಪಣಾ ಪತ್ರವನ್ನು ಅವಳ ಮುಂದೆ ಇಡಬೇಡಿ. ಆದೇಶದಿಂದ ನಟನೆ ಎಂಬ ಪದವನ್ನು ತೆಗೆದು, ನಿಷೇಧವನ್ನು ರದ್ದುಮಾಡಿ. ಎದುರಾಳಿಯನ್ನು ವಂಚಿಸಿದ್ದು ಶಿಸ್ತುಭಂಗವೆಂದು ನಿಮಗೆ ತೋರಿದರೆ, ಪಟ್ಟಿ ಕಟ್ಟಿದ ಕೈ ನನ್ನದು. ವೈದ್ಯರ ಎದುರು ಬೇಡ ಎಂದ ಕಣ್ಣು ನನ್ನದು. ಎರಡು ವರ್ಷ ನನ್ನನ್ನು ಅಂಗಳದ ಹೊರಗಿಡಿ. ನಿಯಮಾವಳಿಯಿಂದ ಆ ಮೂರು ಪದಗಳನ್ನು ಹೊಡೆದುಹಾಕಿ. ಇಲ್ಲದಿದ್ದರೆ ಮುಂದಿನ ವರ್ಷವೂ ಯಾರೋ ಒಬ್ಬಳು ಒಳ್ಳೆಯ ಕಾಲನ್ನು ಚಾಚುತ್ತಾಳೆ, ಯಾರೋ ಒಬ್ಬ ಕಟ್ಟುತ್ತಾನೆ.

ಹೊಸ ಸ್ಕ್ಯಾನ್, ಹೊಸ ವೈದ್ಯರು ಯಾವುದೂ ಬೇಡ. ನಿಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕುರ್ಚಿಯಿಂದ ಎದ್ದು ಬಂದು ಮೆಟ್ಟಿಲ ತುದಿಯಲ್ಲಿ ನಿಂತುಕೊಳ್ಳಿ. ಅವಳು ಬರುತ್ತಾಳೆ, ಎರಡೂ ಕಾಲು ಬರಿದಾಗಿ, ಪಟ್ಟಿ ಇಲ್ಲದೆ. ನಾನು ಹಿಂದೆ ಇರುತ್ತೇನೆ, ಕೈ ಹಿಡಿಯುವುದಿಲ್ಲ. ಮೂವತ್ತೆಂಟು ಮೆಟ್ಟಿಲುಗಳಿವೆ, ಪ್ರತಿಯೊಂದಕ್ಕೂ ಯಾವ ಕಾಲು ಮೊದಲು ಏರುತ್ತದೆ, ಯಾವುದು ಆಮೇಲೆ ಬಂದು ಸೇರುತ್ತದೆ ನೋಡಿ. ಮೂವತ್ತೆಂಟೂ ಮುಗಿಯುವ ತನಕ ನೋಡಿ. ಆಮೇಲೂ ನಾಟಕ ಎನಿಸಿದರೆ ಕನ್ನಡದಲ್ಲೇ ಹೇಳಿ. ಈ ಸಲ ಅವಳಿಗೂ ಕೇಳಿಸಲಿ.

ಇಂತಿ,
ಹತ್ತೊಂಬತ್ತು ವರ್ಷ ಪಟ್ಟಿ ಕಟ್ಟಿಯೂ ಬಾಯಿ ಬಿಚ್ಚಲು ಕಲಿಯದ,
ಅವಧೂತ
ಸದಾಶಿವ ಪೇಠ, ಪುಣೆ