ಹಗೇವಿಗೆ ಇಳಿಸಿದ ಲಾಂದ್ರ

ನನ್ನನ್ನು ಮೂಕಿ ಎಂದು ಕರೆಯುತ್ತಿದ್ದ ಅಣ್ಣನಿಗೆ,

ನಿನ್ನೆ ಹಗೇವಿನ ಬಾಯಿಯ ಚಪ್ಪಡಿ ಸರಿಸಿದ ಸದ್ದು ಕೇಳಿತು, ಹನ್ನೊಂದು ವರ್ಷದ ಮೇಲೆ. ಹೆರಿಗೆಗೆಂದು ತವರಿಗೆ ಬಂದವಳು ಹಿತ್ತಲಲ್ಲಿ ಕೂತಿದ್ದೆ. ನನ್ನ ಕೈ ತಾನಾಗಿಯೇ ಹಗ್ಗ ಹಿಡಿದಂತೆ ಬಿಗಿಯಿತು. ನಿನಗೆ ಹೇಳದೆ ಉಳಿದ ಒಂದು ಮಾತಿದೆ, ಅಣ್ಣ.

ತಾತನ ಕಾಲದ ಸಂಗತಿ ಅಪ್ಪ ಹೇಳುತ್ತಿದ್ದುದು ನೆನಪಿದೆಯೇ? ನೆಲದೊಳಗಿನ ಈ ಹಗೇವಿನ ಗುಂಡಿಗೆ ರಾಗಿ ತುಂಬಿ ಮಣ್ಣು ಮುಚ್ಚಿದರೆ ಎಷ್ಟೋ ವರ್ಷ ಕೆಡದೆ ಇರುತ್ತಿತ್ತಂತೆ. ತಾತ ಮುಚ್ಚಿದ್ದನ್ನು ಅಪ್ಪ ತೆರೆದ. ಅಪ್ಪ ಮುಚ್ಚಿದ್ದನ್ನು ನಾವು ಅದೇ ವರ್ಷ ತೆರೆದೆವು. ಹೊಲ ಅಷ್ಟೇ ಇತ್ತು. ಊಟಕ್ಕೆ ಕೂರುವ ಸಾಲು ನಡುಮನೆ ದಾಟಿ ಜಗುಲಿಗೆ ಬಂದಿತ್ತು. ಲೋಕದ ಜನ ಹೀಗೇ ಹೆಚ್ಚಿದರೆ ಎಲ್ಲರಿಗೂ ಊಟ ಎಲ್ಲಿಂದ ಬರಬೇಕು ಎಂದು ರೇಡಿಯೋದಲ್ಲಿ ಯಾರೋ ಹೇಳಿದ್ದನ್ನು ಅಜ್ಜಂಪುರದಲ್ಲಿ ಕೇಳಿ ಬಂದು ನೀನು ನಕ್ಕಿದ್ದೆ. "ಲೋಕ ಹಂಗಿರ್ಲಿ ಕಣಮ್ಮಿ, ನಮ್ಮನೆ ಮುದ್ದೆ ಎಣ್ಸಾಕೆ ಆ ಸಾಹೇಬ್ರನ್ನೇ ಕರ್ಕಂಬರ್ಬೇಕು!" ಅತ್ತಿಗೆ ನಗಲಿಲ್ಲ. ಐದನೆಯದು ಆಗ ಅವಳ ಹೊಟ್ಟೆಯಲ್ಲಿತ್ತು.

ನೀನು ಹಗೇವಿಗೆ ಇಳಿದ ಆ ಬೆಳಿಗ್ಗೆ ಮನೆಯಲ್ಲಿ ಹಿಟ್ಟಿರಲಿಲ್ಲ. ಹಗೇವು ತೆರೆದ ಮೇಲೆ ಒಂದು ದಿನ ಗಾಳಿಯಾಡಲು ಬಿಡಬೇಕು, ಲಾಂದ್ರ ಇಳಿಸಿ ನೋಡಬೇಕು, ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯಬಾರದು. ನಿನಗೆ ಗೊತ್ತಿಲ್ಲದ್ದೇ? ಆದರೆ ನಿನ್ನ ಬಸವ, ಏಳು ವರ್ಷದವನು, ಖಾಲಿ ಮೊರ ಬಡಿಯುತ್ತಾ "ಬೇಗ ಇಳಿಯಪ್ಪಾ" ಎನ್ನುತ್ತಿದ್ದ. ನಾನು ಲಾಂದ್ರ ಇಳಿಸಿದೆ. ಆರಿತು.

"ಎಣ್ಣೆ ಹಾಕಿದ್ದೇನೇ ಮೂಕಿ?" ಅಂದೆ ನೀನು.

"ರೇಷನ್ ಸೀಮೆಣ್ಣೆ ಬಂದು ಎಷ್ಟು ದಿನ ಆಯ್ತು? ಎಣ್ಣೆ ತೀರಿ ಆರೈತೆ, ಇಳಿ ಮಾರಾಯ," ಎಂದ ಪಕ್ಕದ ಮನೆ ಸಿದ್ದಣ್ಣ.

ಮೇಲೆಳೆದ ಲಾಂದ್ರದೊಳಗೆ ಎಣ್ಣೆ ತುಳುಕಿತು. ಅಂದು ಬೆಳಿಗ್ಗೆ ಹಿಂದಿನ ಬೀದಿಯ ಜೈನಬಕ್ಕನ ಮನೆಯಿಂದ ನಾನೇ ಕೇಳಿ ತಂದು ಹಾಕಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಹಗೇವಿನ ಸುತ್ತ ನಿಂತಿದ್ದ ಅಷ್ಟು ಜನ ಗಂಡಸರು ತಿರುಗಿ ನನ್ನನ್ನೇ ನೋಡುತ್ತಾರಲ್ಲ ಎಂದು... ಅಷ್ಟರಲ್ಲಿ ನಿನ್ನ ತಲೆ ಒಳಗೆ ಮರೆಯಾಗಿತ್ತು. ಹಗ್ಗಕ್ಕೆ ಕೊಕ್ಕೆ ಕಟ್ಟಿ ಮೇಲಿನಿಂದಲೇ ನಿನ್ನನ್ನು ಎತ್ತಿದಾಗ ಉಸಿರಿರಲಿಲ್ಲ.

ಗಾಳಿಯಾಡಿದ ಮೇಲೆ ಅದೇ ರಾಗಿಯನ್ನು ತೆಗೆದು ತಿಂದೆವು. ತಿನ್ನದೆ ಏನು ಮಾಡುವುದು, ಹೇಳು? ಅಂದಿನಿಂದ ಮುದ್ದೆ ಮುರಿದಾಗಲೆಲ್ಲ ಎಣ್ಣೆ ತುಳುಕಿದ ಸದ್ದು ಕೇಳುತ್ತದೆ.

ಈಗ ಹೊಸ ತಳಿಯ ರಾಗಿ ಬಂದಿದೆ. ಒಂದು ಚೀಲ ಬರುತ್ತಿದ್ದ ಕಡೆ ಎರಡು ಬರುತ್ತದೆ. ಅದಕ್ಕೇ ಈ ಸಲ ಹಗೇವು ತುಂಬಿಸಿದ್ದರು. ಊಟದ ಸಾಲೂ ಬೆಳೆದಿದೆಯಲ್ಲ, ಬೇಗನೆ ತೆರೆಯಬೇಕಾಯಿತು. ನಿನ್ನೆ ಲಾಂದ್ರ ಮತ್ತೆ ಆರಿತು. ಪಂಚೆ ಎತ್ತಿ ಕಟ್ಟಿ ನಿಂತವನು ನಿನ್ನ ಬಸವ. "ಎಣ್ಣೆ ಇಲ್ದೆ ಆರಿರ್ಬೇಕು, ಒಂದು ಚೀಲ ತುಂಬ್ಕೊಂಡು ಬಂದ್ಬಿಡ್ತೀನಿ," ಎಂದ. ಥೇಟ್ ನಿನ್ನ ದನಿ.

ನಾನು ಓಡಿದೆ, ಈ ಹೊಟ್ಟೆ ಹೊತ್ತು. ಲಾಂದ್ರ ಕಿತ್ತುಕೊಂಡು, ಮುಚ್ಚಳ ತಿರುಪಿ, ಎಲ್ಲರೆದುರು ಎಣ್ಣೆಯನ್ನು ನೆಲಕ್ಕೆ ಸುರಿದೆ. "ನೋಡ್ರೋ, ಎಣ್ಣೆ ಐತೆ! ಅವತ್ತೂ ಇತ್ತು!"

ಬಸವ ಎತ್ತಿ ಕಟ್ಟಿದ್ದ ಪಂಚೆ ಇಳಿಬಿಟ್ಟು ಹಿಂದೆ ಸರಿದ. ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

ಹಗೇವು ಇನ್ನೂ ಗಾಳಿಯಾಡುತ್ತಿದೆ, ಇವತ್ತು ಮಧ್ಯಾಹ್ನ ಎಲ್ಲರಿಗೂ ಅರ್ಧರ್ಧ ಮುದ್ದೆ. ಅತ್ತಿಗೆ ನನ್ನ ಮುಖ ನೋಡದೆ ನನಗೂ ಬಡಿಸಿದಳು. ಬಸವ ನಿನ್ನ ಜಾಗದಲ್ಲಿ ಕೂತಿದ್ದ. ಸಾಲನ್ನು ಈ ತುದಿಯಿಂದ ಆ ತುದಿಗೆ ಎಣಿಸಿದೆ, ಅಣ್ಣ. ಒಬ್ಬರೂ ಕಡಿಮೆಯಿರಲಿಲ್ಲ.